ಉಕ್ಕಿನ ತಂತಿ ಬಿಚ್ಚಿದ ದಿನ

ಮಿರಜಿನ ಬಳಿಯ ಆರಗದ ನಮ್ಮ ಮನೆಯ ಪಡಸಾಲೆಯ ಗೋಡೆಗೆ ಏಳು ಗೂಟಗಳಿದ್ದವು. ಮೊದಲನೆಯದಕ್ಕೆ ಅಪ್ಪನ ಕಂಬಳಿ, ಎರಡನೆಯದಕ್ಕೆ ಉಣ್ಣೆ ಕತ್ತರಿಸುವ ಕತ್ತರಿ, ಮೂರನೆಯದಕ್ಕೆ ಬೀರದೇವರ ಭಂಡಾರದ, ಎಂದರೆ ಪೂಜೆಯ ಅರಿಸಿನದ, ಚೀಲ. ನಾಲ್ಕು ಮತ್ತು ಐದು ಸೇರಿ ಡೊಳ್ಳನ್ನು ಹೊರುತ್ತಿದ್ದವು. ಆರನೆಯದಕ್ಕೆ ಸಿದ್ದು ಕಾಕಾನ ಖಾಕಿ ಅಂಗಿ. ಅಪ್ಪನ ತಮ್ಮನಾದ ಅವನು ಮಿರಜಿನ ಒಂದು ಆಸ್ಪತ್ರೆಯಲ್ಲಿ ವಾರ್ಡಿನ ಕೆಲಸಕ್ಕಿದ್ದ, ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದ. ಏಳನೆಯ ಗೂಟ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡಿತ್ತು. ಅಲ್ಲಿ ಹೊಗೆ ಬಡಿಯುತ್ತದೆಂದು ಅದಕ್ಕೆ ಯಾರೂ ಏನನ್ನೂ ನೇತುಹಾಕುತ್ತಿರಲಿಲ್ಲ. ಮನೆ ದೊಡ್ಡದೇನಲ್ಲ. ಪಡಸಾಲೆ, ಅಡುಗೆಮನೆ, ಜೋಳದ ಚೀಲಗಳನ್ನಿಡುವ ಕತ್ತಲೆ ಕೋಣೆ, ಹಿಂದೆ ಮುಳ್ಳುಬೇಲಿಯ ಕುರಿದಡ್ಡಿ. ಕುರಿಗಳ ವಾಸನೆ ನಮಗೆ ವಾಸನೆ ಎಂದು ತಿಳಿದದ್ದೇ ನಾನು ಮಿರಜಿನ ಹೈಸ್ಕೂಲಿಗೆ ಸೇರಿದ ಮೇಲೆ, ಪಕ್ಕದಲ್ಲಿ ಕುಳಿತ ಹುಡುಗಿ ಬೆಂಚಿನ ಆ ತುದಿಗೆ ಸರಿದಾಗ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಸ್ಸಿನಲ್ಲಿ ಎರಡೂ. ಊಟಕ್ಕೆ ರೊಟ್ಟಿ, ಝುಣಕ, ಶೇಂಗಾ ಚಟ್ನಿ. ಕುರಿ ಈದಾಗ ಮಾತ್ರ ಗಿಣ್ಣು. ಅಪ್ಪ, ಕಾಕಾ ಪಡಸಾಲೆಯಲ್ಲಿ ಉಣ್ಣುತ್ತಿದ್ದರು. ನಾನು, ಅವ್ವ, ಆಯಿ ಒಲೆಯ ಮುಂದೆ. ಆಯಿ ಎಂದರೆ ಅಪ್ಪನ ತಾಯಿ. ಮನೆಯಲ್ಲಿ ಯಾವುದು ಎಲ್ಲಿರಬೇಕು, ಯಾರು ಎಷ್ಟು ಮಾತಾಡಬೇಕು ಎಂಬುದು ಅವಳ ಖಾತೆ.

ಏಳನೆಯ ಗೂಟಕ್ಕೆ ಗಿಟಾರು ಬಂದದ್ದು ಕಾಕಾನಿಂದ. ಆಸ್ಪತ್ರೆಯಲ್ಲಿ ಕೇರಳದ ಒಬ್ಬ ಹಿರಿಯ ನರ್ಸ್ ಇದ್ದರು. ನಿವೃತ್ತರಾಗಿ ಊರಿಗೆ ಹೊರಟಾಗ ಅವರ ಪೆಟ್ಟಿಗೆಗಳನ್ನೆಲ್ಲ ಸ್ಟೇಷನ್ನಿಗೆ ಸಾಗಿಸಿದವನು ಕಾಕಾ. ರೈಲು ಹತ್ತುವ ಮುಂಚೆ ಅವರು ಒಂದು ಕರಿಯ ಪೆಟ್ಟಿಗೆಯನ್ನು ಅವನ ಕೈಗಿಟ್ಟು, ಇದು ತೀರಿಹೋದ ನನ್ನ ತಮ್ಮನದು, ನಿಮ್ಮ ಮನೆಯ ಮಕ್ಕಳು ಬಾರಿಸಲಿ ಎಂದರಂತೆ. ಮನೆಯಲ್ಲಿ ಮಕ್ಕಳು ಎಂದರೆ ನಾನೊಬ್ಬಳೇ, ಹದಿಮೂರರವಳು. ಕಾಕಾ ಅದನ್ನು ನೇರ ಮನೆಗೆ ತರಲಿಲ್ಲ. ತಂತಿ ಹರಿದಿವೆ ಎಂದು ಸಾಂಗಲಿಯ ಒಂದು ಅಂಗಡಿಯಲ್ಲಿ ಆರಕ್ಕೆ ಆರೂ ಹೊಸ ತಂತಿ ಹಾಕಿಸಿ, ಉಜ್ಜಿ, ಹೊಳೆಯಿಸಿ ತಂದ. ಪೆಟ್ಟಿಗೆಯಲ್ಲಿ ಬೆರಳುಗಳ ಚಿತ್ರವಿದ್ದ ಒಂದು ಹಳೆಯ ಪುಸ್ತಕವೂ ಇತ್ತು. ಪೆಟ್ಟಿಗೆ ತೆರೆದಾಗ ಎದ್ದ ಮರದ ವಾಸನೆ ನನಗೆ ಈಗಲೂ ಮೂಗಿನಲ್ಲಿದೆ. ಆ ವಾಸನೆಗೇ ನಾನು ಅದನ್ನು ನನ್ನದೆಂದುಕೊಂಡೆ.

ಆದರೆ ಅದು ನನ್ನನ್ನು ತನ್ನವಳೆಂದುಕೊಳ್ಳಲಿಲ್ಲ. ತಂತಿಗಳು ಮರದಿಂದ ಎಷ್ಟು ಮೇಲಿದ್ದವೆಂದರೆ, ನಡುವೆ ನನ್ನ ಕಿರುಬೆರಳು ತೂರುತ್ತಿತ್ತು. ಒತ್ತಿದರೆ ಬೆರಳ ತುದಿಯಲ್ಲಿ ನೀಲಿ ಗೆರೆ ಮೂಡುವುದು, ವಾರದಲ್ಲಿ ಚರ್ಮ ಸೀಳುವುದು. ಅಷ್ಟು ಒತ್ತಿಯೂ ಹೊರಡುತ್ತಿದ್ದ ಸದ್ದು ಡಬ್ಬಿಯಲ್ಲಿ ಸಿಕ್ಕಿದ ನೊಣದ್ದು. ಅವ್ವ ಬೆರಳಿಗೆ ಅರಿಸಿನ ಎಣ್ಣೆ ಹಚ್ಚಿ ಬಟ್ಟೆ ಸುತ್ತುತ್ತಿದ್ದಳು. ನಾನು ಬಟ್ಟೆ ಬಿಚ್ಚಿ ಮತ್ತೆ ಒತ್ತುತ್ತಿದ್ದೆ. ಶಾಲೆಯಲ್ಲಿ ಸಂಗೀತದ ಸರ್ ಆ ವರ್ಷ ಗಿಟಾರು ಬಾರಿಸುವ ಮಕ್ಕಳ ಒಂದು ತಂಡ ಕಟ್ಟುತ್ತಿದ್ದರು. ಚಳಿಗಾಲದ ಗ್ಯಾದರಿಂಗಿಗೆ, ಎಂದರೆ ಶಾಲೆಯ ವಾರ್ಷಿಕ ಹಬ್ಬಕ್ಕೆ, ಆರು ಮಕ್ಕಳು ವೇದಿಕೆ ಏರುವುದೆಂದು ಗೊತ್ತಾಗಿತ್ತು. ಆರನೆಯವಳು ನಾನು. ಉಳಿದ ಐವರದೂ ಅಂಗಡಿಯ ಹೊಸ ಗಿಟಾರುಗಳು. ನಾನು ಕುರಿ ವಾಸನೆಯವಳೆಂದು ಸರಿದು ಕುಳಿತವರ ಮುಂದೆ ಒಂದು ದಿನವಾದರೂ ಎದ್ದು ನಿಲ್ಲಬೇಕೆಂಬ ಹಟ ಆಗ ನನಗೆ ಅನ್ನದಷ್ಟೇ ಮುಖ್ಯವಾಗಿತ್ತು.

ಅಪ್ಪ ನನ್ನ ಕಷ್ಟ ನೋಡುತ್ತಿದ್ದ. ಅವನಿಗೆ ಗೊತ್ತಿದ್ದ ವಾದ್ಯ ಡೊಳ್ಳು ಒಂದೇ. ದನಿ ಸಡಿಲವಾದರೆ ಅವನು ಜೋಳದ ದಂಟಿನ ಬೆಂಕಿ ಮಾಡಿ ಡೊಳ್ಳಿನ ಚರ್ಮಕ್ಕೆ ಕಾವು ಕೊಡುತ್ತಿದ್ದ, ಬೆರಳಿನಿಂದ ಟಿಂಗ್ ಎನ್ನಿಸಿ ನೋಡುತ್ತಿದ್ದ. ಒಂದು ಬೆಳಿಗ್ಗೆ ನಾನು ಮುಖ ತೊಳೆದು ಬಂದರೆ ಗಿಟಾರು ಒಲೆಯ ಮುಂದೆ ಗೋಡೆಗೆ ಒರಗಿ ಕುಳಿತಿದೆ, ಅಪ್ಪ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದಾನೆ.

"ಅಪ್ಪಾ, ಇದೇನ ಮಾಡಿದಿ?"

"ಕಾವು ಕೊಟ್ಟೇನವಾ. ನಾಕ ದಿನಾ ಹಿಂಗ ಇಟ್ಟರ ದನಿ ಬಿಗಿ ಆಗತೈತಿ."

ನಾಲ್ಕು ದಿನ ಅಲ್ಲ, ಹತ್ತು ದಿನ ಇಟ್ಟ. ನಾನೂ ಬೇಡವೆನ್ನಲಿಲ್ಲ. ಅಪ್ಪನಿಗೆ ಗೊತ್ತಿರುತ್ತದೆ ಎಂದುಕೊಂಡೆ. ದನಿ ಬಿಗಿಯಾಗಲಿಲ್ಲ, ತಂತಿ ಇನ್ನೊಂದು ಕೂದಲೆಳೆ ಮೇಲೆದ್ದಿತು. ಅಷ್ಟರಲ್ಲಿ ಖಂಡೇನವಮಿ ಬಂತು. ಅಂದು ನಮ್ಮಲ್ಲಿ ಕತ್ತರಿ, ಕುಡಗೋಲು, ಡೊಳ್ಳು, ಕಾಕಾನ ಸೈಕಲ್ಲು ಎಲ್ಲವನ್ನೂ ತೊಳೆದು ಸಾಲಾಗಿಟ್ಟು ಪೂಜೆ. ಅಪ್ಪ ಸಾಲಿನ ಕೊನೆಗೆ ಗಿಟಾರನ್ನೂ ಇಟ್ಟ. ಭಂಡಾರ ಹಚ್ಚುತ್ತ ಬಂದ ಆಯಿ ಅದರ ಮುಂದೆ ನಿಂತುಬಿಟ್ಟಳು.

"ಇದನ್ನ ಯಾರು ಇಲ್ಲಿಟ್ಟಾರ? ತಗೀರಿ."

"ಇರಲಿ ಬಿಡ ಯವ್ವಾ, ಪೋರಿದು ಐತಿ" ಎಂದ ಅಪ್ಪ.

"ದುಡದು ಹಾಕೋ ಸಾಮಾನಕ್ಕ ಪೂಜಿ. ಡೊಳ್ಳು ಬಾರಿಸಿದರ ದೇವರು ಏಳತಾನ. ಇದನ್ನ ಬಾರಿಸಿದರ ಓಣ್ಯಾಗಿನ ನಾಯಿ ಏಳತಾವ."

ಕಾಕಾ ನಕ್ಕುಬಿಟ್ಟ. ಅಪ್ಪ ಅವನ ಮೇಲೆ ರೇಗಿದ. ತಂದವನು ನೀನು, ನಗುವವನೂ ನೀನು ಎಂದು ಮಾತಿಗೆ ಮಾತು ಬೆಳೆದು, ಹಬ್ಬದ ಹೋಳಿಗೆಯನ್ನು ಅಣ್ಣತಮ್ಮ ಇಬ್ಬರೂ ಬೆನ್ನು ತಿರುಗಿಸಿ ಕುಳಿತು ಉಂಡರು. ನಾನು ಗಿಟಾರನ್ನೆತ್ತಿಕೊಂಡು ಜೋಳದ ಕೋಣೆಗೆ ಹೋಗಿ ಚೀಲಗಳ ಮೇಲೆ ಕುಳಿತು ಅತ್ತೆ. ಆಯಿಯ ಮೇಲಿನ ಸಿಟ್ಟಿಗಲ್ಲ. ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೆ.

ಹಬ್ಬ ಮುಗಿದ ವಾರವೇ ಸಂಗೀತದ ಸರ್ ನನ್ನನ್ನು ತಂಡದಿಂದ ತೆಗೆದರು. ಅವರು ಕೆಟ್ಟವರಲ್ಲ, ಎಲ್ಲರೆದುರು ಬೈಯಲೂ ಇಲ್ಲ. ಕರೆದು, ನನ್ನ ಎಡಗೈಯನ್ನು ತಿರುಗಿಸಿ ನೋಡಿ, ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. "ನಿನ್ನ ಬೆರಳು ಗಿಡ್ಡ, ಮೇಲಾಗಿ ಒರಟು. ಇದಕ್ಕೆ ಬೇರೆ ಕೈ ಬೇಕಾಗುತ್ತದೆ, ಮಗೂ. ನೀನು ತಾಳ ಹಿಡಿ, ವೇದಿಕೆಯ ಮೇಲೆ ಇರುತ್ತೀಯಲ್ಲ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಕರುಣೆಯಿಂದ ಹೇಳಿದ್ದರಿಂದ ನಂಬಿದೆ. ಅಂದಿನಿಂದ ಬಸ್ಸಿನಲ್ಲಿ ಕೈಗಳನ್ನು ಪುಸ್ತಕದ ಚೀಲದ ಕೆಳಗೆ ಇಟ್ಟುಕೊಂಡು ಕೂರುವುದು ರೂಢಿಯಾಯಿತು.

ಮನೆಯಲ್ಲಿ ವಿಷಯ ತಿಳಿದಾಗ ಕಾಕಾ ತಪ್ಪು ತನ್ನದೇ ಎಂಬಂತೆ ನೊಂದುಕೊಂಡ. ರವಿವಾರ ನನ್ನನ್ನೂ ಅಪ್ಪನನ್ನೂ ಸಾಂಗಲಿಗೆ, ತಂತಿ ಹಾಕಿದ ಅದೇ ಅಂಗಡಿಗೆ ಕರೆದೊಯ್ದ. ಅಂಗಡಿಯವನು ನಮ್ಮ ಗಿಟಾರನ್ನು ಪೆಟ್ಟಿಗೆಯಿಂದ ಪೂರ್ತಿ ಹೊರಗೆ ತೆಗೆಯಲೂ ಇಲ್ಲ. ಹಳೇ ಸಾಮಾನು, ಮರ ಸತ್ತಿದೆ, ಒಲೆಗೆ ಹಾಕಬೇಕಷ್ಟೆ ಎಂದ. ಗೋಡೆಯಿಂದ ಒಂದು ನೀಲಿ ಗಿಟಾರು ಇಳಿಸಿದ. ಆಕಾಶದ ನೀಲಿಯಲ್ಲ, ನವಿಲಿನ ಕುತ್ತಿಗೆಯ ನೀಲಿ. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಒತ್ತಿದೆ, ಹಗುರಾಗಿ ಒತ್ತಿತು. ಹಳೆಯದನ್ನು ಇಲ್ಲೇ ಬಿಟ್ಟು ಮೇಲೆ ಇಷ್ಟು ಕೊಟ್ಟು ಇದನ್ನು ಒಯ್ಯಿರಿ ಎಂದ ಅಂಗಡಿಯವನು. ಅಷ್ಟಕ್ಕೆ ಒಂದು ಒಳ್ಳೆಯ ಟಗರು ಮಾರಬೇಕು. ಅಪ್ಪ ಟಗರಿನ ಬಗ್ಗೆ ಚಕಾರವೆತ್ತಲಿಲ್ಲ. ನೀಲಿ ಗಿಟಾರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ಕೆಳಗಿಟ್ಟ.

"ಬರತೇವ್ರಿ" ಎಂದು ಎದ್ದ.

ಹೊರಗೆ ಬಂದದ್ದೇ ನಾನು ಬೀದಿಯಲ್ಲೇ ಅತ್ತುಬಿಟ್ಟೆ. ನನಗೆ ಅದೇ ಬೇಕು, ನೀಲಿಯದೇ ಬೇಕು ಎಂದೆ. ಕಾಕಾನೂ ನನ್ನ ಪರವಾಗಿ ಮಾತಾಡಿದ. ಅಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಯೋಚನೆ ಮಾಡಬೇಕಾದಾಗ ಅವನು ಹಾಗೆ ಮಾಡುತ್ತಿದ್ದ.

"ಕುರಿ ಹಿಡಿಯೋ ಮುಂದ ನಾವು ಏನ ಮಾಡತೇವಿ ರೇಖಾ? ಹಲ್ಲು ನೋಡತೇವಿ. ಬೆನ್ನು ಒತ್ತಿ ನೋಡತೇವಿ. ಬರೇ ತುಪ್ಪಳ ನೋಡಿ ಯಾರರೆ ಕುರಿ ಹಿಡೀತಾರನು? ಇದರ ಹಲ್ಲು ಎಲ್ಲಿರತಾವ ಅಂತ ನನಗ ಗೊತ್ತಿಲ್ಲ. ಗೊತ್ತಿದ್ದವರನ್ನ ಕೇಳೂನು."

ಅಂಥವರಲ್ಲಿ ಅಪ್ಪನಿಗೆ ಪರಿಚಯವಿದ್ದವರು ಒಬ್ಬರೇ. ಮಿರಜಿನಲ್ಲಿ ಸಿತಾರು, ತಂಬೂರಿ ಮಾಡುವವರ ಓಣಿಯೇ ಇದೆ. ಅಲ್ಲಿಯ ದಸ್ತಗೀರ ಚಾಚಾ ಪ್ರತಿ ಬಕ್ರೀದಿಗೆ ನಮ್ಮಲ್ಲಿಂದಲೇ ಟಗರು ಒಯ್ಯುತ್ತಿದ್ದರು. ಟಗರಿನ ವಿಷಯದಲ್ಲಿ ಅವರು ಅಪ್ಪನ ಮಾತಿಗೆ ಎದುರು ಹೇಳುತ್ತಿರಲಿಲ್ಲ. ಅವರ ತಾಯಿಯ ತವರು ಕಾಗವಾಡ, ಹೀಗಾಗಿ ಕನ್ನಡ ನಮ್ಮಷ್ಟೇ ಚೆನ್ನಾಗಿ ಬರುತ್ತಿತ್ತು. ಮರುದಿನ ನಾನು ಶಾಲೆ ತಪ್ಪಿಸಿ ಅಪ್ಪನ ಜೊತೆ ಹೋದೆ, ಮುಖ ಊದಿಸಿಕೊಂಡೇ. ಮೂರು ಮೆಟ್ಟಿಲ ಮೇಲಿನ ಕಾರಖಾನೆ ಅದು, ನಮ್ಮ ಪಡಸಾಲೆಯಷ್ಟೂ ಇರಲಿಲ್ಲ. ಜಂತಿಯಿಂದ ಒಣಗಿದ ದೊಡ್ಡ ಕುಂಬಳಬುರುಡೆಗಳು ತೂಗುತ್ತಿದ್ದವು. ನೆಲದ ತುಂಬ ಮರದ ಹೊಟ್ಟು, ಸ್ಪಿರಿಟ್ಟಿನ ವಾಸನೆ. ಚಾಚಾ ಚಾಪೆಯ ಮೇಲೆ ಕುಳಿತು ತಂಬೂರಿಯ ತಂತಿಯ ಕೆಳಗೆ ಒಂದು ಎಳೆ ನೂಲು ಸರಿಸುತ್ತಿದ್ದರು.

"ಬರ್ರಿ ಬಿರಪ್ಪಾ, ಕುಂದ್ರಿ. ಇನ್ನಾ ಬಕ್ರೀದ ದೂರ ಐತಿ, ಈಗ್ಯಾಕ ಬಂದ್ರಿ?"

ಅಪ್ಪ ವಿಷಯ ಹೇಳಿದ. ಚಾಚಾ ಕೈ ಒರೆಸಿಕೊಂಡರು. "ನಾ ಗಿಟಾರ ಮಾಡಾವಲ್ಲ. ಆದರ ಮರ ಮರಾನ ಅಲ್ಲನು? ಕೊಡ್ರಿ" ಎಂದರು. ಗಿಟಾರನ್ನು ಮಡಿಲಲ್ಲಿ ಮಲಗಿಸಿಕೊಂಡು, ಬಾರಿಸುವ ಬದಲು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದರು, ಡಾಕ್ಟರು ಎದೆ ತಟ್ಟಿದಂತೆ. ಕಿವಿ ಹತ್ತಿರ ತಂದರು, ಮತ್ತೆ ತಟ್ಟಿದರು. ಕುತ್ತಿಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು. ತಂತಿಗಳನ್ನು ಹೊತ್ತು ನಿಲ್ಲುವ ಮರದ ಪಟ್ಟಿಗೆ ಅವರು ಘೋಡಿ ಎನ್ನುತ್ತಿದ್ದರು. ಅದರ ಹಿಂದೆ ಒಂದು ಪೋಸ್ಟ್ ಕಾರ್ಡ್ ತೂರಿಸಿದರು. ಕಾರ್ಡು ಅರ್ಧ ಒಳಗೆ ಹೋಯಿತು. ಆಮೇಲೆ ನನ್ನನ್ನು ಹತ್ತಿರ ಕರೆದು, ನಡುವಿನ ದುಂಡು ತೂತಿನ ಅಂಚು ತೋರಿಸಿದರು.

"ಇಲ್ಲಿ ನೋಡವಾ. ಮ್ಯಾಲಿನ ಗೆರಿ ಒಳಗ ಇಳದಾವೋ ಇಲ್ಲೋ?"

ನೋಡಿದೆ. ಮೇಲ್ಮೈಯಲ್ಲಿದ್ದ ಕೂದಲಿನಂಥ ಮರದ ಗೆರೆಗಳು ಅಂಚಿನಲ್ಲೂ ಹಾಗೆಯೇ ಮೇಲಿಂದ ಕೆಳಗಿಳಿದಿದ್ದವು.

"ಇಳದಾವ್ರಿ."

"ಅಂದರ ಒಂದ ಹಲಗಿ. ಅಂಟಿಸಿದ್ದಲ್ಲ. ಇಂಥಾ ಮರ ಈಗ ಹುಡುಕಿದರ ಸಿಗೂದಿಲ್ಲ. ಬಿರಪ್ಪಾ, ಇದು ಸತ್ತಿಲ್ಲ. ಇದರ ಕುತ್ತಿಗಿ ಮ್ಯಾಲ ಯಾರೋ ಕಾಲಿಟ್ಟಾರ."

ಅವರು ಎರಡು ಬೆರಳನ್ನು ತೂತಿನೊಳಗೆ ಇಳಿಸಿ ತಡಕಾಡಿ ಏನನ್ನೋ ಹೊರತೆಗೆದು ಅಂಗೈಯಲ್ಲಿಟ್ಟರು. ಸುರುಳಿ ಸುತ್ತಿದ ಒಂದಿಷ್ಟುದ್ದ ಪಾರದರ್ಶಕ ದಾರ. ಮೀನು ಹಿಡಿಯುವ ಗಾಳದ ದಾರದಂತಿತ್ತು.

"ಇಂಥಾವು ಇದ್ದೂವಲ್ಲ, ಎಲ್ಲಿ ಹೋದೂವು?"

ಅಪ್ಪನಿಗೆ ಗೊತ್ತಿರಲಿಲ್ಲ. ಚಾಚಾ ಹೇಳಿ ಕಾಕಾನ ಮೊಬೈಲಿಗೆ ಫೋನು ಮಾಡಿಸಿದರು. ಹೌದು, ಪ್ಲಾಸ್ಟಿಕ್ಕಿನ ಎರಡು ದಾರ ಉಳಿದಿದ್ದವು, ಅಂಗಡಿಯವನು ಕಿತ್ತೊಗೆದು ಉಕ್ಕಿನ ತಂತಿ ಹಾಕಿದ, ಉಕ್ಕು ಗಟ್ಟಿ ಎಂದ ಎಂದು ಕಾಕಾ ಹೇಳಿದ. ಚಾಚಾ ತಲೆಯಾಡಿಸಿದರು. ಈ ಗಿಟಾರು ನೈಲಾನ್ ತಂತಿಗೆಂದೇ ಮಾಡಿದ್ದು. ಉಕ್ಕಿನ ತಂತಿ ಹೆಚ್ಚುಕಡಿಮೆ ಅದರ ಎರಡು ಪಟ್ಟು ಎಳೆಯುತ್ತದೆ. ಅದಕ್ಕೇ ಕುತ್ತಿಗೆ ಬಾಗಿದೆ, ಘೋಡಿ ಕಿತ್ತು ಮೇಲೆದ್ದಿದೆ, ತಂತಿ ಆಕಾಶಕ್ಕೆ ಹೋಗಿದೆ ಎಂದು ಬಿಡಿಸಿ ಹೇಳಿದರು. ಆಮೇಲೆ ಘೋಡಿಯ ಕೆಳಗೆ ಮೂಸಿ ನೋಡಿ ಕೇಳಿದರು.

"ಅಂಟು ಮೆತ್ತಗಾಗೇತಿ. ಬಿಸಲಾಗ ಇಟ್ಟಿದ್ರೇನು?"

ಅಪ್ಪ ನೆಲ ನೋಡಿದ. ಅವನೇ ಹೇಳಿದ. "ಒಲಿ ಮುಂದ ಇಟ್ಟಿದ್ದೆ ಚಾಚಾ. ಹತ್ತ ದಿನಾ. ಡೊಳ್ಳಿಗೆ ಕಾವು ಕೊಟ್ಟಂಗ."

ಚಾಚಾ ನಗಲಿಲ್ಲ. ಅದಕ್ಕೇ ಅವರ ಮೇಲಿನ ನನ್ನ ಗೌರವ ಇಂದಿಗೂ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. "ದನಿ ಕಟ್ಟೇತಿ ಅಂತ ನಿಮಗ ತಿಳೀತಲ್ಲ, ಅಷ್ಟ ಸಾಕು. ತೊಗಲಿಗೆ ಬೆಂಕಿ ಬೇಕು, ಮರಕ್ಕ ನೆರಳು ಬೇಕು" ಎಂದು ಅಪ್ಪನ ಮೊಣಕಾಲು ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ ಎಡಗೈ ಚಾಚು ಎಂದರು. ಇವರೂ ಬೆರಳಿನ ಬಗ್ಗೆಯೇ ಹೇಳುತ್ತಾರೆ ಎಂದುಕೊಂಡೆ. ಅವರು ಬೆರಳ ತುದಿಯ ಸೀಳುಗಳನ್ನು ಒಂದೊಂದಾಗಿ ನೋಡಿದರು.

"ಎಷ್ಟ ದಿನಾ ಇದರ ಮ್ಯಾಲ ಕೈ ಇಟ್ಟಿ?"

"ಐದ ತಿಂಗಳ್ರಿ."

"ಈ ತಂತಿ ಮ್ಯಾಲ ನಾನು ಐದ ದಿನಾ ತಾಳತಿರಲಿಲ್ಲ" ಎಂದರು ಚಾಚಾ, ಅಪ್ಪನಿಗೆ. "ಈ ಪೋರಿ ಕೈಯಾಗ ಏನೂ ಕೊರತಿ ಇಲ್ಲ ಬಿರಪ್ಪಾ. ಕೊರತಿ ಎಲ್ಲಾ ಇದರಾಗ ಇತ್ತು, ತಗದರ ಹೋಗತೈತಿ."

ಅಷ್ಟು ಹೇಳಿ ಅವರು ಗಿಟಾರಿನ ತುದಿಯ ಕಿವಿಗಳನ್ನು ತಿರುವಿ ತಂತಿ ಸಡಿಲಿಸತೊಡಗಿದರು. ಎಲ್ಲವನ್ನೂ ಒಮ್ಮೆಗೇ ಅಲ್ಲ. ಇದಕ್ಕೆ ಎರಡು ಸುತ್ತು, ಅದಕ್ಕೆ ಎರಡು ಸುತ್ತು. ಕೊನೆಯ ಉಕ್ಕಿನ ತಂತಿ ಬಿಚ್ಚಿದಾಗ ಗಿಟಾರಿನ ಒಳಗಿನಿಂದ ಟಕ್ ಎಂದು ಒಂದು ಸಣ್ಣ ಸದ್ದು ಬಂತು, ಮೂಟೆ ಇಳಿಸಿದವನು ಬೆನ್ನಿನ ನೆಟಿಗೆ ಮುರಿದುಕೊಂಡಂತೆ. ನನಗೂ ಬೆನ್ನು ಹಗುರಾಯಿತು. ಆದರೂ ನೀಲಿಯದನ್ನು ಮನಸ್ಸಿನಿಂದ ತೆಗೆಯಲಾಗಲಿಲ್ಲ. ಅಳುಕುತ್ತಲೇ ಕೇಳಿದೆ, ಅಂಗಡಿಯದು ಬಲು ಹಗುರಾಗಿ ಒತ್ತುತ್ತದಲ್ಲ ಎಂದು. ಚಾಚಾ ಬೇಡವೆನ್ನಲಿಲ್ಲ. ನೋಡುವುದು ಹೇಗೆಂದು ಕಲಿಸಿದರು. ಗೋಡೆಗೆ ಆನಿಸಿಟ್ಟಿದ್ದ ಸಿತಾರುಗಳನ್ನೇ ತೆಗೆದು ಕುತ್ತಿಗೆಯ ಉದ್ದಕ್ಕೂ ಕಣ್ಣು ಹಾಯಿಸುವುದು, ಅಂಚು ನೋಡುವುದು. ಕೊನೆಯದು ನಮ್ಮದೇ ಗಿಟಾರಿನ ಹನ್ನೆರಡನೆಯ ಲೋಹದ ಪಟ್ಟಿ ತೋರಿಸಿ ಹೇಳಿಕೊಟ್ಟದ್ದು. ಅಲ್ಲಿ ತಂತಿಯನ್ನು ಒತ್ತದೆ, ಬರೀ ಸೋಕಿಸಿ ಮೀಟಿದರೆ ಒಂದು ಸ್ವರ ಬರುತ್ತದೆ. ಅಲ್ಲೇ ಒತ್ತಿ ಮೀಟಿದರೆ ಅದೇ ಸ್ವರ ಬರಬೇಕು. ಎರಡೂ ಬೇರೆಯಾದರೆ ಆ ವಾದ್ಯ ಹುಟ್ಟಾ ಸುಳ್ಳು ಹೇಳುತ್ತದೆ. "ನೋಡಿ ಬಾ. ಮೂರೂ ಸರಿ ಇದ್ದರ ತಗೋ, ನಾನ ಹೇಳತೇನಿ ನಿಮ್ಮಪ್ಪಗ" ಎಂದರು.

ಗಿಟಾರನ್ನು ಅಲ್ಲೇ ಬಿಟ್ಟು ನಾವು ಸಿಟಿ ಬಸ್ಸು ಹತ್ತಿ ಸಾಂಗಲಿಗೆ ಹೋದೆವು. ದಾರಿಯುದ್ದಕ್ಕೂ ನಾನು ಬೇಡಿಕೊಂಡದ್ದು ನೀಲಿಯದು ಗೆಲ್ಲಲಿ ಎಂದೇ. ಅಂಗಡಿಯವನು ನಗುನಗುತ್ತ ಅದನ್ನು ಇಳಿಸಿ ಕೊಟ್ಟ. ಕುತ್ತಿಗೆಯನ್ನು ಕಣ್ಣಿಗೆ ಹಿಡಿದು ನೋಡಿದೆ. ಹೊಲದ ಬದುವಿನಂತೆ ಒಂದು ಕಡೆ ಸೊಟ್ಟ. ನನ್ನ ಕಣ್ಣೇ ತಪ್ಪಿರಬೇಕೆಂದು ಮತ್ತೆ ನೋಡಿದೆ. ತೂತಿನ ಅಂಚಿಗೆ ದಪ್ಪ ಕರಿ ಬಣ್ಣ ಬಳಿದಿದ್ದರು. ಬಣ್ಣ ಎದ್ದ ಕಡೆ ಒಂದರ ಮೇಲೊಂದು ಪದರ, ಚಹಾ ಪೆಟ್ಟಿಗೆಯ ಹಲಗೆಯಂತೆ. ನನಗೆ ಅಳು ಬರುವಂತಾಯಿತು. ಕೊನೆಗೆ ಹನ್ನೆರಡನೆಯ ಪಟ್ಟಿಯ ಮೇಲೆ ಬೆರಳು ಸೋಕಿಸಿ ಮೀಟಿದೆ. ಒತ್ತಿ ಮೀಟಿದೆ. ಎರಡನೆಯದು ಮೊದಲಿನದಕ್ಕಿಂತ ಸ್ಪಷ್ಟವಾಗಿ ಮೇಲಿತ್ತು. ಆ ಹೊತ್ತಿಗೆ ಅಂಗಡಿಯಲ್ಲಿ ಒಬ್ಬ ತಾಯಿ, ಮಗ ಬೇರೊಂದು ಗಿಟಾರು ನೋಡುತ್ತ ನಿಂತಿದ್ದರು. ಆ ತಾಯಿ ತಿರುಗಿ ನೋಡಿ, ಅರೇ, ಎರಡೂ ಬೇರೆ ಬೇರೆ ಕೇಳಿಸುತ್ತಲ್ಲ ಎಂದರು. ನಾನು ಅಲ್ಲಿಯವರೆಗೆ ಮರಾಠಿಯಲ್ಲಿ ಅಪರಿಚಿತರೊಡನೆ ಒಂದು ಪೂರ್ತಿ ವಾಕ್ಯ ಆಡಿದವಳಲ್ಲ. ನನ್ನ ಉಚ್ಚಾರಕ್ಕೆ ನಗುತ್ತಾರೆಂಬ ಭಯ. ಅಂದು ಹೇಗೋ ಬಂತು.

"ಇದರ ಕುತ್ತಿಗೆ ಸೊಟ್ಟ ಇದೆ. ಮರವೂ ಒಂದೇ ಅಲ್ಲ, ಅಂಟಿಸಿದ್ದು. ಸ್ವರ ಕೂಡುವುದಿಲ್ಲ. ನಮಗೆ ಬೇಡ."

ಅಂಗಡಿಯವನ ನಗೆ ನಿಂತಿತು. ನಿನಗೆ ಇದನ್ನೆಲ್ಲ ಯಾರು ಹೇಳಿದ್ದು ಎಂದು ಕೇಳಿದ. ಉತ್ತರ ಕೊಡುವ ಮೊದಲೇ ಆ ತಾಯಿ ತನ್ನ ಮಗನ ಕೈಯಲ್ಲಿದ್ದ ಗಿಟಾರನ್ನು ನನ್ನ ಮುಂದೆ ಹಿಡಿದರು. "ಮಗೂ, ಇದನ್ನೂ ಸ್ವಲ್ಪ ನೋಡು." ನೋಡಿದೆ. ಅದು ಸರಿಯಿತ್ತು, ಸರಿಯಿದೆ ಎಂದೆ. ಅವರು ಅದನ್ನೇ ಕೊಂಡರು. ಅಪ್ಪ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದ. ಮೀಸೆ ಮೇಲೆ ಕೈ ಆಡಿಸುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ನನಗೆ ಭಡಂಗಿನ, ಎಂದರೆ ಖಾರದ ಚುರುಮುರಿಯ, ಎರಡು ಪೊಟ್ಟಣ ಕೊಡಿಸಿದ. ನೀಲಿ ಬಣ್ಣ ಮಿರಜು ಬರುವ ಮೊದಲೇ ನನಗೆ ಮರೆತುಹೋಗಿತ್ತು.

ಗಿಟಾರು ಚಾಚಾರ ಬಳಿ ಮೂರು ವಾರ ಇತ್ತು. ನಾನು ದಿನಾಲು ಶಾಲೆ ಬಿಟ್ಟ ಮೇಲೆ ಹೋಗಿ ನೋಡುತ್ತಿದ್ದೆ. ಸಂಜೆಯ ಬಸ್ಸಿಗೆ ಕಾಕಾ ಬಂದು ಕರೆದೊಯ್ಯುತ್ತಿದ್ದ. ಮೊದಲ ವಾರ ಅವರು ಅದನ್ನು ಮುಟ್ಟಲೇ ಇಲ್ಲ, ತಂತಿಯಿಲ್ಲದೆ ನೆರಳಲ್ಲಿ ಮಲಗಿಸಿಟ್ಟರು. ದಣಿದದ್ದು, ವಿಶ್ರಾಂತಿ ಬೇಕು ಎಂದರು. ಕುತ್ತಿಗೆ ತಾನಾಗಿ ಅರ್ಧಕ್ಕರ್ಧ ನೆಟ್ಟಗಾಯಿತು. ಆಮೇಲೆ ಘೋಡಿಯನ್ನು ಕಿತ್ತು, ಹಳೆಯ ಅಂಟು ಕೆರೆದು, ಹೊಸ ಅಂಟು ಹಾಕಿ ಒತ್ತುಪಟ್ಟಿ ಬಿಗಿದರು. ತಂತಿ ಕೂರುವಲ್ಲಿ ಒಂಟೆಯ ಎಲುಬಿನ ತೆಳ್ಳನೆಯ ತುಂಡು ಇಟ್ಟು, ಅರದಿಂದ ಒಂದೊಂದೇ ಎಳೆ ಉಜ್ಜುವರು, ತಂತಿ ಹಾಕಿ ನೋಡುವರು, ಮತ್ತೆ ತೆಗೆದು ಉಜ್ಜುವರು. "ತಗಿಯೂದು ಸುಲಭ. ತಗದದ್ದನ್ನ ಹಚ್ಚಾಕ ಬರೂದಿಲ್ಲ, ನೆನಪಿಟ್ಟಕೋ" ಎನ್ನುತ್ತಿದ್ದರು. ನೈಲಾನ್ ತಂತಿ ಪುಣೆಯಿಂದ ಬಸ್ಸಿನಲ್ಲಿ ಬಂದವು. ಕೆಲಸ ಮುಗಿದ ದಿನ ಅವರು ಗಿಟಾರನ್ನು ನನ್ನ ಮಡಿಲಲ್ಲಿಟ್ಟು ಬೀದಿಯ ಕಡೆ ತಿರುಗಿ ಕುಳಿತರು. ನನಗೆ ನಾಚಿಕೆಯಾಗಬಾರದೆಂದು ಇರಬೇಕು. ಪುಸ್ತಕದ ಮೊದಲ ಚಿತ್ರದಂತೆ ಬೆರಳಿಟ್ಟೆ. ಒತ್ತಿದೆನೋ ಇಲ್ಲವೋ ಎಂಬಷ್ಟು ಮೆಲ್ಲಗೆ. ಆರೂ ತಂತಿಗಳು ಒಟ್ಟಿಗೆ, ತುಂಬಿದ ಕೊಡವನ್ನು ಕಲ್ಲಿನ ಮೇಲಿಟ್ಟಂಥ ದುಂಡು ದನಿಯಲ್ಲಿ ಮಾತಾಡಿದವು. ಜಂತಿಯ ಕುಂಬಳಬುರುಡೆಗಳೂ ಹೂಂಗುಟ್ಟಿದಂತೆ ಅನಿಸಿತು. ನನಗೆ ನಗು ಬಂತು, ನಿಲ್ಲಿಸಲಾಗಲಿಲ್ಲ. ಚಾಚಾ ಬೆನ್ನು ತಿರುಗಿಸಿಕೊಂಡೇ ನಗುತ್ತಿದ್ದರು. ಅವರ ಭುಜಗಳು ಕುಲುಕುತ್ತಿದ್ದವು.

ಮನೆಗೆ ತಂದ ದಿನ ನಾನು ಯಾರಿಗೂ ಹೇಳದೆ ಅಡುಗೆಮನೆಯಲ್ಲಿ ಆಯಿಯ ಪಕ್ಕ ಕುಳಿತು, ಅವಳು ಬೀಸುವಾಗ ಹಾಡುವ ಪದದ ಎಳೆ ಹಿಡಿದು ಬಾರಿಸಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಮೊದಲು ಕೈ ನಿಂತಿತು. ಆಮೇಲೆ ಅದೇ ಲಯಕ್ಕೆ ಕೈ ಬಡಿಯತೊಡಗಿತು, ಆಮೇಲೆ ದನಿ ಸೇರಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಕರಕಾಯಿತು. ಅವ್ವ ಓಡಿ ಬಂದು ತೆಗೆದಳು. ಪದ ಮುಗಿದ ಮೇಲೆ ಆಯಿ ಹಿಟ್ಟಿನ ಕೈಯಿಂದಲೇ ಎದ್ದು ಹೋಗಿ ಭಂಡಾರದ ಚೀಲ ಇಳಿಸಿ ತಂದಳು. ಗಿಟಾರಿನ ಹಣೆಗೆ ಅರಿಸಿನ ಒತ್ತಿದಳು. "ಈಗ ದೇವರ ಮುಂದ ಇಡ್ರಿ ಇದನ್ನ. ಒಲಿ ಬಾಜೂಕ ಇಟ್ಟಗಿಟ್ಟೀರಿ" ಎಂದು ಅಪ್ಪನನ್ನೇ ಗದರಿದಳು. ಅಂದು ಅಪ್ಪ, ಕಾಕಾ ಇಬ್ಬರೂ ಒಲೆಯ ಮುಂದೆ ಬಂದು ನಮ್ಮೊಡನೆ ಕುಳಿತು ಉಂಡರು. ನಮ್ಮ ಮನೆಯಲ್ಲಿ ಅದು ಮೊದಲ ಸಲ.

ಗ್ಯಾದರಿಂಗಿಗೆ ನಾಲ್ಕು ದಿನ ಇದ್ದಾಗ ನಾನು ಸರ್ ಮುಂದೆ ಹೋಗಿ, ಒಮ್ಮೆ ಕೇಳಿ ಎಂದೆ. ಕೇಳಿದರು. ಇನ್ನೊಮ್ಮೆ ಬಾರಿಸು ಎಂದರು. ಗಿಟಾರನ್ನು ಕೈಗೆ ತೆಗೆದುಕೊಂಡು ತಾವೇ ಎರಡು ನಿಮಿಷ ಬಾರಿಸಿದರು, ವಾಪಸು ಕೊಟ್ಟು, ತಾಳ ಬೇರೆ ಯಾರಿಗಾದರೂ ಕೊಡು ಎಂದರು. ವೇದಿಕೆಯ ಮೇಲೆ ನಾವು ಆರು ಜನ ಕುಳಿತೆವು. ಮುಂದಿನ ಸಾಲಿನಲ್ಲಿ ಆಯಿ ಇಳಕಲ್ ಸೀರೆ ಉಟ್ಟು, ಕಾಲು ಮೇಲೆ ಮಡಚಿ ಕುರ್ಚಿಯಲ್ಲಿ ಕುಳಿತಿದ್ದಳು. ನಡುವೆ ನನಗೊಬ್ಬಳಿಗೇ ಬಾರಿಸಲು ಬಿಟ್ಟ ಜಾಗ ಬಂದಾಗ ಸಭೆ ಸದ್ದಿಲ್ಲದೆ ಕೇಳಿತು. ಮುಗಿದಾಗ ಹಿಂದಿನಿಂದ ಅಪ್ಪ, ಕುರಿ ಹಿಂಡನ್ನು ಗುಡ್ಡ ಹತ್ತಿಸುವಾಗ ಹಾಕುವ ಕೂಗು ಹಾಕಿದ. ಶಾಲೆಗೆ ಶಾಲೆಯೇ ನಕ್ಕಿತು, ಚಪ್ಪಾಳೆ ತಟ್ಟಿತು. ನಾನು ತಲೆ ಎತ್ತಿಕೊಂಡೇ ಕುಳಿತಿದ್ದೆ.

ಆದರೆ ನಾನು ಇಂದು ಏನಾಗಿದ್ದೇನೋ ಅದು ನಿಶ್ಚಯವಾದದ್ದು ವೇದಿಕೆಯ ಮೇಲಲ್ಲ. ಆ ಚಾಪೆಯ ಮೇಲೆ ಕುಳಿತು ನೋಡಿದ್ದು ನನ್ನನ್ನು ಬಿಟ್ಟಿರಲಿಲ್ಲ. ಬೇಸಿಗೆ ರಜೆಯ ತುಂಬ ಚಾಚಾರಲ್ಲಿಗೆ ಹೋದೆ. ಅಪ್ಪ ತಾನೇ ಬಂದು ಬಿಟ್ಟು ಹೋಗುತ್ತಿದ್ದ. ಆ ಓಣಿಯ ಕಾರಖಾನೆಗಳಲ್ಲಿ ಹೆಣ್ಣುಮಕ್ಕಳು ಅರ ಹಿಡಿದು ಕುಳಿತದ್ದನ್ನು ನಾನು ನೋಡಿರಲಿಲ್ಲ. ಬಂದವರು ಒಂದು ಕ್ಷಣ ದಿಟ್ಟಿಸುತ್ತಿದ್ದರು, ಚಾಚಾ ದಿಟ್ಟಿಸಿದವರನ್ನು ದಿಟ್ಟಿಸುತ್ತಿದ್ದರು. ಕೆಟ್ಟ ಎಲುಬಿನ ಚೂರುಗಳ ಮೇಲೆ ತಿಂಗಳುಗಟ್ಟಲೆ ಕೈ ಪಳಗಿಸಿದೆ. ಮಳೆಗಾಲ ಹಿಡಿಯುವ ಹೊತ್ತಿಗೆ ಸಂಗೀತದ ಸರ್ ತಮ್ಮ ಸ್ವಂತ ಗಿಟಾರನ್ನು ಕಾರಖಾನೆಯಲ್ಲಿ ಬಿಟ್ಟು ಹೋಗಿದ್ದರಂತೆ. ಆ ದಿನ ನಾನಿರಲಿಲ್ಲ. ತಂತಿ ತುಸು ಮೇಲಿದೆ, ಎರಡು ಪಟ್ಟಿಗಳಲ್ಲಿ ಗುಂಯ್‌ಗುಡುತ್ತದೆ ಎಂಬುದು ಅವರ ದೂರು. ಮರುದಿನ ನಾನು ಹೋದಾಗ ಚಾಚಾ ಅದನ್ನು ನನ್ನ ಮುಂದೆ ಸರಿಸಿ, ಅರ ಕೈಗೆ ಕೊಟ್ಟು, ಚಹಾ ಕುಡಿಯಲು ಎದ್ದು ಹೋದರು. ಅದು ಯಾರ ಗಿಟಾರೆಂದು ನಾನು ಪೆಟ್ಟಿಗೆಯ ಮೇಲಿನ ಹೆಸರು ಓದಿ ತಿಳಿದೆ. ಅರ ಕೆಳಗಿಟ್ಟು, ಮೊದಲು ಕುತ್ತಿಗೆಯನ್ನು ಕಣ್ಣಿಗೆ ಹಿಡಿದೆ. ಆ ಕೆಲಸಕ್ಕೆ ಮೂರು ದಿನ ಹಿಡಿಯಿತು. ಚಾಚಾ ಒಮ್ಮೆಯೂ ಕೈ ಹಾಕಲಿಲ್ಲ.

ಒಯ್ಯಲು ಬಂದ ಸರ್ ನನ್ನನ್ನು ನೋಡಿ, ಓಹೋ, ನೀನೂ ಇಲ್ಲಿಗೆ ಬರುತ್ತೀಯಾ ಎಂದು ತಲೆ ಸವರಿ, ಮೆಟ್ಟಿಲ ಮೇಲೆಯೇ ಕುಳಿತು ಬಾರಿಸಿದರು. ಮೊದಲು ಕೆಳಗಿನ ಸ್ವರಗಳು, ಆಮೇಲೆ ಗುಂಯ್‌ಗುಡುತ್ತಿದ್ದ ಆ ಎರಡು ಪಟ್ಟಿಗಳು. ಗುಂಯ್ ಎನ್ನಲಿಲ್ಲ. ಹನ್ನೆರಡನೆಯದನ್ನು ಸೋಕಿಸಿದರು, ಒತ್ತಿದರು. ಎರಡೂ ಒಂದಕ್ಕೊಂದು ಕೂಡಿಕೊಂಡವು. ಕಣ್ಣು ಮುಚ್ಚಿ ಬಹಳ ಹೊತ್ತು ಬಾರಿಸಿದರು. ಓಣಿಯಲ್ಲಿ ಹೋಗುತ್ತಿದ್ದವರು ನಿಂತು ಕೇಳಿದರು. ನಿಲ್ಲಿಸಿದಾಗ ಅವರ ಮುಖದಲ್ಲಿ ಹುಡುಗನ ಮುಖವಿತ್ತು.

"ಉಸ್ತಾದ, ಇಷ್ಟು ವರ್ಷ ಇದು ನನ್ನ ಬಳಿ ಇದ್ದದ್ದಕ್ಕೂ ಈಗಿನದಕ್ಕೂ ಸಂಬಂಧವೇ ಇಲ್ಲ. ಏನು ಮಾಡಿದಿರಿ ನೀವು?" ಎಂದು ಮರಾಠಿಯಲ್ಲಿ ಕೇಳಿದರು.

ಚಾಚಾ ತಂಬೂರಿಯಿಂದ ತಲೆ ಎತ್ತಲಿಲ್ಲ. ಮರಾಠಿ ಬಲ್ಲವರೇ, ಆದರೂ ಉತ್ತರ ಕನ್ನಡದಲ್ಲಿ ಬಂತು. ನನಗೂ ಕೇಳಲಿ ಎಂದಿರಬೇಕು.

"ನನ್ನ ಯಾಕ ಕೇಳತೀರಿ ಮಾಸ್ತರ? ಮಾಡಿದವರು ನಿಮ್ಮ ಮುಂದ ಕುಂತಾರ. ಅವರನ್ನ ಕೇಳ್ರಿ."

ಕುಂತಾಳ ಅನ್ನಲಿಲ್ಲ, ಕುಂತಾರ ಅಂದರು. ಹುಟ್ಟಿದಂದಿನಿಂದ ನನ್ನನ್ನು ಯಾರೂ ಹಾಗೆ ಬಹುವಚನದಲ್ಲಿ ಕರೆದಿರಲಿಲ್ಲ. ಸರ್‌ಗೆ ಕನ್ನಡ ಅಷ್ಟಕ್ಕಷ್ಟೇ, ಆದರೂ ತಿಳಿಯಿತು. ಅವರು ಮೆಟ್ಟಿಲಿನಿಂದ ಎದ್ದು, ಚಪ್ಪಲಿ ಕಳಚಿ ಒಳಗೆ ಬಂದು, ನನ್ನ ಮುಂದೆ ಚಾಪೆಯ ಮೇಲೆ ಕುಳಿತುಕೊಂಡರು. ನನ್ನ ಕೈಗಳು ಮೊಣಕೈವರೆಗೆ ಎಲುಬಿನ ಬಿಳಿ ಪುಡಿಯಾಗಿದ್ದವು. ನಾನು ಅವನ್ನು ಮರೆಮಾಡದೆ, ಏನೇನು ಮಾಡಿದೆನೆಂದು ಮೊದಲಿನಿಂದ ಒಂದೊಂದಾಗಿ ಹೇಳತೊಡಗಿದೆ.